ಭಂಡಾರವಿಲ್ಲದ ಕಾರ್ಡು

ಮುದ್ದೇಬಿಹಾಳ
ತಾ. 13-1-1974

ಅಕ್ಕ ರೇವವ್ವನಿಗೆ,

ತಮ್ಮ ಚಂದಪ್ಪನ ನಮಸ್ಕಾರ. ನಾನು ನೆಟ್ಟಗಿದ್ದೇನೆ. ನೀನು, ಮಾವ, ಇಂದ್ರಾ, ಎಲ್ಲರಿಗಿಂತ ಮೊದಲು ಅವ್ವ ಹೇಗಿದ್ದಾಳೆ ಎಂದು ತಿಳಿಸು.

ಡಿಸೆಂಬರದಲ್ಲಿ ಅವ್ವನ ಹೆಸರಿಗೆ ಒಂದು ಕಾರ್ಡು ಹಾಕಿದ್ದೆ. ತಿಂಗಳಾಯಿತು, ಉತ್ತರವಿಲ್ಲ. ಅದು ಮುಟ್ಟಿಲ್ಲವೆಂದುಕೊಂಡು ಅದರಲ್ಲಿದ್ದದ್ದನ್ನೇ ಮತ್ತೆ ಬರೆಯುತ್ತೇನೆ. ನಾನು ದೀಕ್ಷಾಸ್ನಾನ ಪಡೆದೆ. ಮೂರು ವರ್ಷದ ಹಿಂದೆ ಎದೆಗೆ ಕ್ಷಯದ ಬೇನೆ ಹತ್ತಿ ಮಿಶನ್ ದವಾಖಾನೆಯಲ್ಲಿ ಒಂಬತ್ತು ತಿಂಗಳು ಬಿದ್ದಿದ್ದೆನಲ್ಲ, ಅಲ್ಲಿ ನನ್ನ ಉಗುಳಿನ ಡಬ್ಬಿ ತೊಳೆಯುತ್ತಿದ್ದ ಗುರಪ್ಪಜ್ಜ ನೆನಪಿದ್ದಾನೆಯೇ? ನೀವೆಲ್ಲ ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಿದ್ದಿರಿ. ತಪ್ಪೆನ್ನುವುದಿಲ್ಲ, ಆ ಬೇನೆಗೆ ಎಲ್ಲರೂ ಹೆದರುತ್ತಾರೆ. ಆ ಮುದುಕ ಹೆದರಲಿಲ್ಲ. ಅವನು ನನ್ನ ಹಾಸಿಗೆಯ ಬದಿಗೆ ಕುಳಿತು ಯಾರನ್ನು ಕರೆಯುತ್ತಿದ್ದನೋ ಆ ಯೇಸುವನ್ನೇ ನಾನೂ ನಂಬಿದೆ. ಇಷ್ಟು ದಿನ ಕದ್ದು ನಂಬಿದ್ದೆ, ಈಗ ನಾಲ್ಕು ಮಂದಿಯ ಎದುರಿಗೆ ನೀರಿನಲ್ಲಿ ಮುಳುಗಿ ಎದ್ದೆ. ಹೊಸ ಹೆಸರು ಇಡುತ್ತೇವೆಂದರು. ಅವ್ವ ಇಟ್ಟದ್ದೇ ಇರಲಿ ಎಂದೆ.

ಕಾರ್ಡಿನಲ್ಲಿ ಇನ್ನೂ ಒಂದು ಮಾತಿತ್ತು. ಇನ್ನು ನನ್ನ ಪತ್ರದ ತಲೆಗೆ ಶ್ರೀಕಾರ ಇರುವುದಿಲ್ಲ, ಮೂಲೆಗೆ ನಮ್ಮ ಮನೆದೇವರು ಬೀರಪ್ಪನ ಭಂಡಾರವೂ ಇರುವುದಿಲ್ಲ. ಅವ್ವ ಕಟ್ಟಿಕೊಟ್ಟ ಆ ಅರಿಶಿನ ಪುಡಿಯನ್ನು ಇಷ್ಟು ವರ್ಷ ಪ್ರತಿ ಕಾರ್ಡಿಗೂ ತಪ್ಪದೆ ಹಚ್ಚಿ ಕಳಿಸಿದೆ. ನೀರಿನಿಂದ ಎದ್ದ ಮೇಲೂ ಹಚ್ಚಿದರೆ ಅತ್ತಲೂ ಸುಳ್ಳು, ಇತ್ತಲೂ ಸುಳ್ಳು. ಅವ್ವನಿಗೆ ಓದು ಬಾರದು, ಹಳದಿ ಮೂಲೆ ನೋಡಿಯೇ ಮಗ ಚೆನ್ನಾಗಿದ್ದಾನೆ ಎಂದುಕೊಳ್ಳುತ್ತಿದ್ದಳು. ಅವಳಿಗೆ ನೀನೇ ತಿಳಿಸಿ ಹೇಳಬೇಕು.

ಇಲ್ಲಿ ದನದ ದವಾಖಾನೆಯಲ್ಲಿ ನನ್ನ ಕಂಪೌಂಡರ್ ಕೆಲಸ ನಡೆದಿದೆ. ಸುದ್ದಿ ಹಬ್ಬಿದೆ. ಮೊನ್ನೆ ನಮ್ಮ ಕುಲದ ಹಿರಿಯನೊಬ್ಬ ನಾನು ಸೂಜಿ ಚುಚ್ಚಿದ ಕುರಿಗಳಿಗೆಲ್ಲ ನನ್ನೆದುರಿಗೇ ಭಂಡಾರ ಎರಚಿ ಶುದ್ಧ ಮಾಡಿಕೊಂಡು ಹೋದ. ಕುರಿಗಳು ಸೀನಿದವು, ನಾನು ನಕ್ಕೆ. ಶಿವರಾತ್ರಿಗೆ ಊರಿಗೆ ಬರುತ್ತೇನೆ. ಅವ್ವ ಎರಡು ಬಡಿದರೆ ಬಡಿಸಿಕೊಳ್ಳುತ್ತೇನೆ.

ನಿನ್ನ ತಮ್ಮ
ಚಂದಪ್ಪ


ತಾಂಬಾ
ತಾ. 8-2-1974

॥ ಶ್ರೀ ಬೀರೇಶ್ವರ ಪ್ರಸನ್ನ ॥

ಚಿರಂಜೀವಿ ಚಂದಪ್ಪನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾರ್ಡೂ ಬಂದಿತ್ತು, ಪತ್ರವೂ ಬಂತು. ಅವ್ವ ಇದ್ದಾಳೆ. ಎರಡು ತಿಂಗಳಿಂದ ಹೊರಗೆ ಹೋಗುವುದನ್ನು ಬಿಟ್ಟಿದ್ದಾಳೆ. ಈ ಸಲ ಚಳಿ ಬಹಳ.

ಶಿವರಾತ್ರಿಗೆ ಬರಬೇಡ. ಮನೆಯ ವಿಳಾಸಕ್ಕೆ ಬರೆಯಲೂ ಬೇಡ. ನಮ್ಮ ಓಣಿಯಲ್ಲಿ ಬಳೆ ಮಾರುವ ಶಮಶಾದಬಿ ಇದ್ದಾಳಲ್ಲ, ಅವಳ ಹೆಸರಿಗೆ ಬರೆ. ಬಳೆ ಇಡಿಸಿಕೊಳ್ಳಲು ಹೋದಾಗ ನನಗೆ ಕೊಡುತ್ತಾಳೆ. ನಿನ್ನ ಮಾವನಿಗೆ ಇದು ಗೊತ್ತಿಲ್ಲ. ನನ್ನ ಗಂಡ ಎಂಥವನೆಂದು ನಿನಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮವ್ವ ಎತ್ತಿ ಆಡಿಸಿದ ತಮ್ಮ, ಅವಳ ಮಾತೊಂದನ್ನು ಬಿಟ್ಟು ಯಾರ ಮಾತನ್ನೂ ಕೇಳುವವನಲ್ಲ.

ಇಂದ್ರಾಗೆ ಹದಿನಾರು ತುಂಬಿತು. ಅವಳು ಹುಟ್ಟಿದಾಗಲೇ ನಿನ್ನ ಹೆಸರು ಹೇಳಿ ತೊಟ್ಟಿಲಿಗೆ ಹಾಕಿದ್ದೆವು. ಸೋದರಮಾವನಿಗೆ ಮೀಸಲಾದ ಹುಡುಗಿಯನ್ನು ಅವನಿರುವಾಗ ಬೇರೆಯವರು ಕೇಳುವುದಿಲ್ಲ. ಈಗ ಕನ್ನೊಳ್ಳಿಯಿಂದ ಕೇಳಿ ಬಂದಿದ್ದಾರೆ. ಮನೆ ಒಳ್ಳೆಯದು. ನಿನ್ನ ಮನಸ್ಸಿಗೆ ನೋವಾದರೆ ಹೊಟ್ಟೆಗೆ ಹಾಕಿಕೋ.

ಮೈ ಕಡೆ ನೋಡಿಕೋ. ಕೆಮ್ಮು ಬಂದರೆ ತಡ ಮಾಡಬೇಡ.

ರೇವವ್ವ


ಮುದ್ದೇಬಿಹಾಳ
ತಾ. 6-3-1974

ಅಕ್ಕನಿಗೆ,

ನೀನು ಬರೆದದ್ದಕ್ಕಿಂತ ಬಿಟ್ಟದ್ದನ್ನೇ ಹೆಚ್ಚು ಸಲ ಓದಿದೆ. ಅವ್ವ ಇದ್ದಾಳೆ ಎಂದೆ. ಏನೆಂದಳು ಎಂದು ಬರೆಯಲಿಲ್ಲ. ಬಡಿಯುತ್ತೇನೆ ಎಂದಿದ್ದರೂ ಸಂತೋಷಪಡುತ್ತಿದ್ದೆ. ಅಂದರೆ ಅವಳು ನನ್ನ ಹೆಸರನ್ನೇ ಎತ್ತುತ್ತಿಲ್ಲ. ನನ್ನನ್ನು ಹೊಸ್ತಿಲು ತುಳಿಸಬೇಡಿ ಎಂದು ಅವಳೇ ಹೇಳಿರಬೇಕು, ನೀನು ಮುಚ್ಚಿಡುತ್ತಿದ್ದೀಯ.

ಇಂದ್ರಾಳ ಮೇಲಿನ ಹಕ್ಕು ಬಿಟ್ಟೆ. ಬೇಕಾದರೆ ಇದನ್ನೇ ಹಿರಿಯರಿಗೆ ತೋರಿಸು. ಅವಳು ಚೆನ್ನಾಗಿ ಬಾಳಲಿ.

ಇಲ್ಲಿಯದು ಕೇಳು. ನಾನು ನಕ್ಕೆ ಎಂದು ಹೋದ ಪತ್ರದಲ್ಲಿ ಬರೆದದ್ದು ಅರ್ಧ ಸುಳ್ಳು. ಚಹಾದ ಅಂಗಡಿಯಲ್ಲಿ ನನ್ನದೊಂದು ಬೇರೆ ಗ್ಲಾಸು, ಗೋಡೆಯ ಗೂಡಿನಲ್ಲಿ ಇರುತ್ತದೆ, ನಾನೇ ತೊಳೆದಿಡಬೇಕು. ಮಿಶನ್ನಿನವರು ಹಂಚುವ ಹಾಲಿನ ಪುಡಿಯ ಆಸೆಗೆ ದೇವರನ್ನು ಬಿಟ್ಟವನೆಂದು ಹೆಸರಿಟ್ಟಿದ್ದಾರೆ. ಸಂತೆಯ ದಿನ ಒಂದು ಕತ್ತೆಯ ಕೊರಳಿಗೆ ಕಟ್ಟಿಗೆಯ ಶಿಲುಬೆ ಕಟ್ಟಿ ದವಾಖಾನೆಯ ಅಂಗಳಕ್ಕೆ ಅಟ್ಟಿದರು. ನಮ್ಮ ಡಾಕ್ಟರ್ ಪಂಢರಿನಾಥರಾಯರು ಕೆಟ್ಟವರಲ್ಲ. ಆದರೂ ಹೊರಗೆ ಬಂದು ನೋಡಿ, "ಯಾಕ ಚಂದಪ್ಪಾ, ನಿಮ್ಮ ಪಾದ್ರಿ ಸಾಹೇಬ್ರು ಬಂದಾರ, ಕುರ್ಚಿ ಹಾಕು" ಎಂದರು. ಎಲ್ಲರೂ ನಕ್ಕರು. ಶಿಲುಬೆ ಬಿಚ್ಚಲು ನಾನೇ ಹೋಗಬೇಕಾಯಿತು. ಹಗ್ಗ ಬಿಗಿದು ಕತ್ತೆಯ ಕೊರಳು ಕಿತ್ತುಹೋಗಿತ್ತು, ಮುಲಾಮು ಹಚ್ಚಿ ಕಳಿಸಿದೆ.

ಇನ್ನೊಂದು ಮಾತು. ನಿನ್ನ ಪತ್ರದ ಭಂಡಾರ ನನ್ನ ಬೆರಳಿಗೆ ಹತ್ತಿತು. ನಾನು ಅದನ್ನು ಬಿಟ್ಟೆನೆಂದು ಬರೆದ ಮೇಲೂ ಹಚ್ಚಿ ಕಳಿಸಿದ್ದೀಯ. ನೀನೂ ಆ ಹಿರಿಯನಂತೆ ನನ್ನನ್ನು ಶುದ್ಧ ಮಾಡಲು ಹೊರಟೆಯಾ? ಇನ್ನು ಹಚ್ಚಬೇಡ.

ಚಂದಪ್ಪ


ತಾಂಬಾ
ತಾ. 11-6-1974

ಚಂದಪ್ಪನಿಗೆ,

ಭಂಡಾರ ಹಚ್ಚಿಲ್ಲ. ನೋಡಿಕೋ.

ಇಂದ್ರಾಳ ಮದುವೆಯಾಯಿತು. ಕನ್ನೊಳ್ಳಿಯವರು ಮರ್ಯಾದೆಯವರು. ಕುಲದ ಹಿರಿಯರೆಲ್ಲ ಬಂದಿದ್ದರು, ನಮ್ಮ ಮನೆಯಲ್ಲೇ ಉಂಡರು. ನಿನ್ನ ಹೆಸರನ್ನು ಯಾರೂ ತೆಗೆಯಲಿಲ್ಲ, ಅದೇ ಒಳ್ಳೆಯದಾಯಿತು. ಹಂದರದ ಕೆಳಗೆ ಓಡಾಡುವಾಗ ಬಳೆ ಒಡೆದು ಕೈಗೆ ಚುಚ್ಚಿತು, ಅಳುವುದಕ್ಕೆ ಒಂದು ನೆಪ ಸಿಕ್ಕಿತು.

ನೀನು ಅವ್ವನನ್ನು ಬಯ್ದು ಬರೆದಿದ್ದೀಯ. ಅವಳನ್ನು ಏನೂ ಅನ್ನಬೇಡ. ಅವಳು ನಿನ್ನನ್ನು ಮರೆತಿಲ್ಲ. ಪ್ರತಿ ಅಮಾವಾಸ್ಯೆಗೆ ನಿನ್ನ ಹೆಸರಿಗೆ ಕರಿಗಡಬು ಮಾಡುತ್ತಾಳೆ. ಕಣ್ಣು ಸರಿ ಕಾಣದಿದ್ದರೂ ನನ್ನ ಕೈಗೆ ಲಟ್ಟಣಿಗೆ ಕೊಡುವುದಿಲ್ಲ.

ಇದಕ್ಕಿಂತ ಹೆಚ್ಚು ಬರೆಯಲಾರೆ.

ರೇವವ್ವ


ಮುದ್ದೇಬಿಹಾಳ
ತಾ. 20-8-1974

ಅಕ್ಕ,

ನಿನ್ನ ಪತ್ರ ಜೇಬಿನಲ್ಲಿಟ್ಟುಕೊಂಡೇ ಎರಡು ತಿಂಗಳು ಕಳೆದೆ. ಮಡಿಕೆಯ ಮೇಲೆ ಹರಿದಿದೆ. ಕರಿಗಡಬು ಎಂಬ ಮಾತು ಮಾತ್ರ ನೆಟ್ಟಗಿದೆ. ಅವ್ವ ನನ್ನ ಹೆಸರಿಗೆ ಮಾಡುತ್ತಾಳೆ ಎಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ನಾನು ಹೋದರೆ ಉಣಬಡಿಸುತ್ತಾಳೆ. ಇಷ್ಟು ಸಾಕು ನನಗೆ.

ಇದು ಬೇಕಾಗಿತ್ತು, ಅಕ್ಕ. ಗುರಪ್ಪಜ್ಜ ತೀರಿಕೊಂಡ. ಬಾಗೇವಾಡಿಯಿಂದ ಎರಡು ಹರದಾರಿ ದೂರದ ಹಳ್ಳಿ ಅವನದು. ಸುದ್ದಿ ತಿಳಿದು ಹೋದೆ. ಊರವರು ತಮ್ಮ ಹೂಳುವ ಜಾಗದಲ್ಲಿ ಇಡಗೊಡಲಿಲ್ಲ. ಒಂದು ಹಗಲು ಕಾದು ಕೊನೆಗೆ ಹಳ್ಳದ ಬದಿಗೆ ನಾವೇ ಕುಣಿ ತೋಡಿದೆವು. ಮಣ್ಣು ಕೊಟ್ಟವರು ಮೂರೇ ಮಂದಿ, ಅವನ ಹೆಂಡತಿ, ವಿಜಾಪುರದಿಂದ ಬಂದ ಪಾದ್ರಿ ಮತ್ತು ನಾನು. ಇಷ್ಟೊಂದು ಮಂದಿಯ ಉಗುಳು ತೊಳೆದವನಿಗೆ ಮೂರು ಹಿಡಿ ಮಣ್ಣು. ಹಾಡು ಹೇಳಿ ಎಂದು ಪಾದ್ರಿ ಅಂದರು. ದಂಡೆಯ ಮೇಲೆ ನಿಂತು ನೋಡುತ್ತಿದ್ದವರು ನಾವು ಹಾಡಿದ್ದನ್ನೇ ಅಣಕಿಸಿ ಹಾಡಿದರು.

ಅಂದಿನಿಂದ ನನಗೆ ಒಂದೇ ಹೆದರಿಕೆ. ಸಾಯುವುದಕ್ಕಲ್ಲ. ನನ್ನವರು ಅನ್ನುವವರು ಒಬ್ಬರೂ ಮಣ್ಣಿಗೆ ಬರದೆ ಹೋಗುತ್ತಾರೆಂಬುದಕ್ಕೆ. ಇದನ್ನು ಪಾದ್ರಿಗೆ ಹೇಳಿದರೆ ವಿಶ್ವಾಸ ಸಾಲದು ಎಂದಾರು. ಅದಕ್ಕೇ ನಿನಗೆ ಹೇಳಿದೆ.

ಮಹಾನವಮಿಗೆ ಮೊದಲಿನ ಅಮಾವಾಸ್ಯೆಗೆ ಬರುತ್ತಿದ್ದೇನೆ. ಬೇಡ ಎನ್ನಬೇಡ. ಮಾವ ಹೊರಗಿನ ಕಟ್ಟೆಯ ಮೇಲೆ ಕೂರಿಸಿದರೂ ಸರಿ, ಅವ್ವನ ಕೈಯ ಕಡಬು ತಿಂದು ತಿರುಗಿ ಬರುತ್ತೇನೆ.

ಚಂದಪ್ಪ


ತಾಂಬಾ
ತಾ. 4-9-1974

ಚಂದಪ್ಪ,

ಬರಬೇಡ. ಆ ದಿನವಂತೂ ಬರಲೇಬೇಡ. ಈಗ ನಾನು ಬರೆಯುವುದನ್ನು ಕುಳಿತು ಓದು.

ನಿನ್ನ ಡಿಸೆಂಬರದ ಕಾರ್ಡು ಬಂದ ದಿನ ನಾನು ಹೊಲದಲ್ಲಿದ್ದೆ. ಟಪಾಲಿನ ಭೀಮಶ್ಯಾ ದಿನಾಲು ಬಾಗಿಲಿಗೆ ಬಂದು ಕೂಗಿ ಕೊಡುವವನು. ಅಂದು ಕೂಗಲಿಲ್ಲ. ಶ್ರೀಕಾರವಿಲ್ಲ, ಭಂಡಾರವಿಲ್ಲ, ಖಾಲಿ ಕಾರ್ಡು. ಅಂಥ ಕಾರ್ಡು ಯಾವುದನ್ನು ಹೊತ್ತು ಬರುತ್ತದೆಂದು ನಿನಗೆ ನಾನು ಹೇಳಬೇಕೇ? ಸಾವಿನ ಕಾರ್ಡನ್ನು ಹೊಸ್ತಿಲ ಒಳಗೆ ಕೊಡಬಾರದೆಂದು ಅವನು ಅದನ್ನು ಓದದೆ ಹೊರಗಿನ ಕಟ್ಟೆಯ ಮೇಲಿಟ್ಟು, ಮೇಲೊಂದು ಕಲ್ಲು ಹೇರಿ, ತಲೆ ತಗ್ಗಿಸಿ ಹೋದ. ಅವ್ವ ಅದನ್ನು ನೋಡಿದಳು. ಈ ಲೋಕದಲ್ಲಿ ಅವಳಿಗೆ ಕಾರ್ಡು ಬರೆಯುವವನು ನೀನೊಬ್ಬನೇ. ನಾನು ಬರುವುದರೊಳಗೆ ತಲೆಯ ಮೇಲೆ ಎರಡು ಕೊಡ ನೀರು ಸುರಿದುಕೊಂಡು, ಕೂದಲು ಬಿಚ್ಚಿ ಅಂಗಳದಲ್ಲಿ ಕುಳಿತಿದ್ದಳು.

ನಿನ್ನ ಮಾವ ಬಂದು ಓದಿದ. ಓದಿ, ಸಾವಿನ ಕಾರ್ಡನ್ನು ಹರಿಯುವಂತೆಯೇ ಹರಿದು ಒಲೆಗೆ ಹಾಕಿದ. ಅವ್ವ ಒಂದೇ ಮಾತು ಕೇಳಿದಳು. "ಮಣ್ಣ ಯಾರ ಕೊಟ್ಟಾರಂತ ಬರದಾರೇನ ಸೋಮನಿಂಗಾ?"

"ಕೊಟ್ಟಾರ ಯಕ್ಕಾ" ಎಂದ.

ನನಗೂ ಹಾಗೇ ಅನ್ನಿಸಿತ್ತು. ಹದಿಮೂರು ದಿನ ನಾನೂ ನಿನಗಾಗಿ ಅತ್ತೆ. ಜನೇವರಿಯಲ್ಲಿ ನಿನ್ನ ಪತ್ರ ನನ್ನ ಕೈಗೆ ಸಿಕ್ಕಿತು. ಸಂತೋಷದಿಂದ ಓಡಿ ಹೋಗಿ ನಿನ್ನ ಮಾವನಿಗೆ ತೋರಿಸಿದೆ. ಅವನಿಗೆ ಮೊದಲೇ ಗೊತ್ತಿತ್ತು. "ನಾ ಸತ್ತಾನ ಅಂದಿಲ್ಲ, ಆಕಿನ ತಿಳಕೊಂಡಾಳ. ಹಿಂಗ ಇರಲಿ ಬಿಡು" ಎಂದ.

ಯಾಕೆಂದು ಕೇಳು. ದೀಪಾವಳಿಯಲ್ಲಿ ನಿನ್ನನ್ನು ಆ ಯೇಸುವಿನವರ ಸಭೆಯಲ್ಲಿ ಕಂಡವರು ಬಂದು ಹೇಳಿದಂದಿನಿಂದ ಹಿರಿಯರು ನಮಗೆ ಬೆಂಕಿ, ನೀರು ಬಂದ್ ಮಾಡಿದ್ದರು. ನೀನು ಸತ್ತೆ ಎಂದಾದ ಮೇಲೆ ನಿನ್ನ ಹದಿಮೂರನೆಯ ದಿವಸಕ್ಕೆ ಬಂದು ಉಂಡರು. ಕನ್ನೊಳ್ಳಿಯವರೂ ಬಂದರು. ನೀನು ಹಕ್ಕು ಬಿಟ್ಟ ಪತ್ರ ಯಾರಿಗೂ ಬೇಕಾಗಿರಲಿಲ್ಲ, ಅವರಿಗೆ ನೀನು ಇರದಿರುವುದು ಬೇಕಾಗಿತ್ತು. ಊರಿಗೆಲ್ಲ ಗೊತ್ತು ನೀನು ಬದುಕಿದ್ದೀಯೆಂದು. ಬಾವಿಯ ಹತ್ತಿರ ಇದನ್ನೇ ಆಡಿಕೊಂಡು ನಗುತ್ತಾರೆ. ಅವ್ವ ಬಂದರೆ ಸುಮ್ಮನಾಗುತ್ತಾರೆ.

ಕರಿಗಡಬು ಎಡೆ, ಚಂದಪ್ಪ. ಸತ್ತವರಿಗೆ ಇಡುವ ಎಡೆ.

ನಿನ್ನ ಮಾವನದು ಒಂದು ಪಾಲು ತಪ್ಪಾದರೆ ನನ್ನದು ಎರಡು ಪಾಲು. ಒಂದು ದಿನ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಮಗಳ ಮುಖ ನೋಡಿ ತಮ್ಮನನ್ನು ಹುಗಿದೆ. ಈಗ ಹೇಳೋಣವೆಂದರೆ ಮಗಳು ಗಂಡನ ಮನೆಯಲ್ಲಿದ್ದಾಳೆ, ತಿರುಗಿ ಕಳಿಸುತ್ತಾರೆ. ಬೈಯುವುದಾದರೆ ಬೈದು ಬರೆ. ಸುಮ್ಮನಿರಬೇಡ.

ರೇವವ್ವ


ಮುದ್ದೇಬಿಹಾಳ
ತಾ. 14-1-1975

ರೇವವ್ವನಿಗೆ,

ನಾಲ್ಕು ಪತ್ರ ಬರೆದು ಹರಿದೆ. ಇದು ಐದನೆಯದು.

ನಿನ್ನನ್ನು ಕ್ಷಮಿಸಬೇಕೆಂದು ನನ್ನ ಧರ್ಮ ಹೇಳುತ್ತದೆ. ಮೊಣಕಾಲೂರಿ ಕುಳಿತರೆ ನಿನ್ನ ಹೆಸರಿಗೆ ಬಂದು ನಾಲಿಗೆ ನಿಲ್ಲುತ್ತದೆ. ಮಾವನ ಹೆಸರು ಬೇಗ ದಾಟುತ್ತೇನೆ, ನಿನ್ನದು ದಾಟಲಾಗುವುದಿಲ್ಲ.

ಒಂದು ಸುಳ್ಳು ತಪ್ಪಿಸಲು ಹೋಗಿ ಆ ಕಾರ್ಡನ್ನು ಖಾಲಿ ಕಳಿಸಿದೆ. ಅದರಿಂದಲೇ ನಿಮ್ಮ ಮನೆಯಲ್ಲಿ ಇಷ್ಟು ದೊಡ್ಡ ಸುಳ್ಳು ನಿಂತಿತು. ಒಂದು ಚುಕ್ಕೆ ಹಳದಿ ಹಚ್ಚಿದ್ದರೆ ಅವ್ವ ಅಂದು ಉಣ್ಣುತ್ತಿದ್ದಳು. ಇದನ್ನು ದೇವರಿಗೆ ಹೇಗೆ ಒಪ್ಪಿಸಬೇಕೋ ತಿಳಿಯದು.

ಅವಳಿಗೆ ನಿಜ ಹೇಳು. ಇಷ್ಟೇ ಕೇಳುತ್ತೇನೆ.

ಚಂದಪ್ಪ


ತಾಂಬಾ
ತಾ. 2-3-1975

ಚಂದಪ್ಪ,

ಅವ್ವ ಊಟ ಬಿಟ್ಟು ಆರು ದಿನ. ಗಂಜಿ ನಾಲಿಗೆಗೆ ಹಚ್ಚಿದರೆ ಹೊರಗೆ ಬರುತ್ತದೆ.

ನಿನ್ನ ಮಾವನ ಕಾಲು ಹಿಡಿದೆ. ಅವನೂ ಅಕ್ಕನ ಮುಖ ನೋಡಿ ಕರಗಿದ್ದಾನೆ, ಹಿರಿಯರ ಹತ್ತಿರ ಹೋಗಿ ಮಾತಾಡಿ ಬಂದ. "ಬರಲಿ. ಹೊಸ್ತಿಲದಾಗ ನಿಂತು ಹಣಿಗೆ ಭಂಡಾರ ಹಚ್ಚಿಸಿಕೊಳ್ಳಲಿ. ಕಾರ್ಡು ಬ್ಯಾರೆಯವರದಿತ್ತು, ನಿನ್ನ ಮಗಾ ಬಂದಾನ ಅಂತ ನಾನ ಆಕಿಗೆ ಹೇಳ್ತೇನಿ" ಎಂದ. ಇಂದ್ರಾಳ ಗಂಡನ ಮನೆಯವರೂ ಅಷ್ಟಾದರೆ ಒಪ್ಪುತ್ತಾರೆ.

ಒಂದು ಚಿಟಿಕೆ ಪುಡಿ. ಒಳಗೆ ನೀನು ಯಾರನ್ನು ಬೇಕಾದರೂ ನಂಬು, ಯಾರೂ ಎದೆ ಬಗೆದು ನೋಡುವುದಿಲ್ಲ. ತಿರುಗಿ ಹೋಗುವಾಗ ತೊಳೆದುಕೋ. ನಾನೇ ನೀರು ಹಾಕುತ್ತೇನೆ.

ಭಾನುವಾರದವರೆಗೆ ಉಳಿಯುತ್ತಾಳೆ ಅನ್ನಿಸುತ್ತದೆ. ಬಾ.

ರೇವವ್ವ


ಸಿಂದಗಿ, ಬಸ್ ನಿಲ್ದಾಣ
ತಾ. 9-3-1975

ಅಕ್ಕ,

ಮುದ್ದೇಬಿಹಾಳದ ಬಸ್ಸಿಗೆ ಇನ್ನೂ ಹೊತ್ತಿದೆ. ಹಣ್ಣಿನ ಅಂಗಡಿಯವನ ಹತ್ತಿರ ಕಾಗದ ಕೇಳಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಹೊರಡುವಾಗ ಹಚ್ಚಿಸಿಕೊಳ್ಳುತ್ತೇನೆ ಎಂದೇ ಹೊರಟೆ. ತಾಳಿಕೋಟೆಗೆ ಬರುವಾಗ ಆಗದು ಅನ್ನಿಸಿತು. ಇದೇ ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ಮತ್ತೆ ಮನಸ್ಸು ಗಟ್ಟಿ ಮಾಡಿದೆ. ಅವ್ವನಿಗಾಗಿ ಒಂದು ಚಿಟಿಕೆ, ದೇವರು ಅಷ್ಟೂ ತಿಳಿಯದವನೇ ಎಂದುಕೊಂಡೆ. ಊರ ಅಗಸಿಯ ಬಾಗಿಲು ದಾಟುವಾಗಲೂ ಅದೇ ಮನಸ್ಸಿತ್ತು.

ಮಾವ ಭಂಡಾರದ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. "ಲಗೂನ ಹಣಿ ತೋರಸೋ ಚಂದಪ್ಪಾ, ಆಕಿಗೆ ವ್ಯಾಳೆ ಇಲ್ಲ" ಎಂದ. ನಾನು ತಲೆ ಬಗ್ಗಿಸಿದ್ದೆ, ಅಕ್ಕ. ನೀನು ನೋಡಿದೆ. ಅಷ್ಟರಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ಪರಸಪ್ಪ ಬಾಯಿ ಹಾಕಿದ. "ಬರೇ ಹಚ್ಚಿಸಿಕೊಂಡ್ರ ಆತೇನು? ಆ ಯೇಸುಂದು ಎಲ್ಲಾ ಸುಳ್ಳಿತ್ತು ಅಂತ ನಾಕ ಮಂದ್ಯಾಗ ಒಂದ ಮಾತ ಅನ್ನಲಿ."

ಗುರಪ್ಪಜ್ಜನ ಕೈ ಕಣ್ಣ ಮುಂದೆ ಬಂತು, ನನ್ನ ಡಬ್ಬಿ ತೊಳೆಯುತ್ತಿದ್ದ ಕೈ. ಅದನ್ನು ಸುಳ್ಳು ಎನ್ನಲು ನಾಲಿಗೆ ತಿರುಗಲಿಲ್ಲ. "ಮಾವಾ, ಅವ್ವನ ಸಲುವಾಗಿ ಜೀವಾ ಕೇಳ್ರಿ, ಕೊಡ್ತೇನಿ. ಇದನ್ನ ಸುಳ್ಳ ಅನ್ನಾಕ ಬರೂದಿಲ್ರಿ" ಎಂದೆ.

"ಸತ್ತಾಂವ ಜೀವಾ ಎಲ್ಲಿಂದ ಕೊಡ್ತಾನ" ಎಂದು ಯಾರೋ ಅಂದರು. ಕಟ್ಟೆಯೆಲ್ಲ ನಕ್ಕಿತು. ಮಾವ ನಗಲಿಲ್ಲ. ತಟ್ಟೆ ಕೆಳಗಿಟ್ಟು ಬಾಗಿಲಿಗೆ ಅಡ್ಡ ನಿಂತ. ನಾನು ಒಮ್ಮೆ ಅವ್ವಾ ಎಂದು ಕೂಗಿದೆ. ಎರಡನೆಯ ಸಲ ಕೂಗಲು ಬಿಡಲಿಲ್ಲ, ಅಗಸಿಯ ತನಕ ದಬ್ಬಿಕೊಂಡು ಬಂದರು. ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದೆ.

ವಿಶ್ವಾಸದಲ್ಲಿ ಗಟ್ಟಿಯಾಗಿ ನಿಂತೆ ಎಂದು ಪಾದ್ರಿಗಳು ಹೊಗಳಬಹುದು. ನನಗೆ ಹಾಗೇನೂ ಅನ್ನಿಸುತ್ತಿಲ್ಲ. ಹತ್ತು ಹೆಜ್ಜೆ ಒಳಗೆ ಅವ್ವ ಮಲಗಿದ್ದಳು, ನಾನು ಇಲ್ಲಿ ಬಸ್ಸು ಕಾಯುತ್ತಿದ್ದೇನೆ.

ನನ್ನ ಕೂಗು ಅವಳಿಗೆ ಕೇಳಿತೇ? ಅದೊಂದನ್ನು ಬರೆ.

ಚಂದಪ್ಪ


ತಾಂಬಾ
ತಾ. 24-3-1975

ಚಂದಪ್ಪನಿಗೆ,

ಕಾಗದದ ಮೂಲೆ ಹರಿದಿದ್ದೇನೆ. ನೋಡಿದ ಕೂಡಲೇ ತಿಳಿದಿರುತ್ತದೆ. ನೀನು ಬಂದು ಹೋದ ದಿನವೇ, ದನಗಳು ಮನೆಗೆ ಬರುವ ಹೊತ್ತಿಗೆ ಅವ್ವ ಹೋದಳು.

ನಿನ್ನ ಕೂಗು ಕೇಳಿತು. ನಾಲ್ಕು ದಿನದಿಂದ ಕಣ್ಣು ಬಿಡದಿದ್ದವಳು ಬಿಟ್ಟಳು. ನಾನು ಒಳಗೆ ಬಂದಾಗ ಗೋಡೆ ಹಿಡಿದು ಎದ್ದು ಕುಳಿತಿದ್ದಳು. ಮುಖ ಅರಳಿತ್ತು, ಇಂದ್ರಾಳ ಮದುವೆಯಲ್ಲೂ ಹಾಗೆ ನಕ್ಕಿರಲಿಲ್ಲ. "ಚಂದಪ್ಪ ಕರ್ಯಾಕ ಬಂದಾನ ರೇವವ್ವಾ. ಧ್ವನಿ ಅವಂದ ಐತಿ. ನನ್ನ ಬಿಟ್ಟ ಇರಾಕ ಆಗಿಲ್ಲ ಅವಗ" ಎಂದಳು.

ಅವನು ಬದುಕಿದ್ದಾನೆ ಎಂದೆ. ದೇವರಾಣೆಗೂ ಹೇಳಿದೆ, ಬದುಕಿದ್ದಾನೆ ಅವ್ವಾ, ಅಗಸಿಯ ಹತ್ತಿರ ಇದ್ದಾನೆ, ಕರೆಯುತ್ತೇನೆ ಎಂದೆ. ನಂಬಲಿಲ್ಲ. ಸಾಯುವವಳ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡು ನನ್ನ ಕೆನ್ನೆ ಸವರಿದಳು. ಹದಿನೈದು ತಿಂಗಳು ತಡವಾಗಿ ಹೇಳಿದ ನಿಜಕ್ಕೆ ಅಷ್ಟೇ ಬೆಲೆ.

ಆಮೇಲೆ ನಿನ್ನ ಮಾವನನ್ನು ಕರೆದು ಭಂಡಾರ ಬೇಡಿದಳು. ನಿನಗೆ ಹಚ್ಚಬೇಕೆಂದು ತಂದ ಅದೇ ತಟ್ಟೆ. ಒಂದು ಹಿಡಿ ತುಂಬ ತೆಗೆದುಕೊಂಡಳು. ಹಣೆಗೆ ಇಟ್ಟುಕೊಳ್ಳುತ್ತಾಳೆ ಅಂದುಕೊಂಡೆವು. ಇಟ್ಟುಕೊಳ್ಳಲಿಲ್ಲ. "ಯಾರ್ಯಾರೋ ಮಣ್ಣ ಮಾಡಿರ್ತಾರ. ಖಾಲಿ ಹಣೀಲೆ ಕಳಿಸಿರ್ತಾರ ನನ್ನ ಕೂಸಿನ. ನಾ ಹೋಗಿ ಹಚ್ತೇನಿ" ಎಂದಳು. ಅದೇ ಕೊನೆಯ ಮಾತು.

ಮೈ ತೊಳೆಯುವಾಗ ಮುಷ್ಟಿ ಬಿಡಿಸಲು ನೋಡಿದೆವು. ಬಿಡಿಸಲಾಗಲಿಲ್ಲ. ನಿನ್ನ ಮಾವ, ಇರಲಿ ಬಿಡ್ರಿ ಎಂದು ಹೊರಗೆ ಹೋಗಿ ಗೋಡೆಗೆ ತಲೆ ಹಚ್ಚಿ ಅತ್ತ. ಹಾಗೆಯೇ ಇಟ್ಟು ಮಣ್ಣು ಮಾಡಿದೆವು. ನಿನ್ನ ಪಾಲಿನ ಮಣ್ಣನ್ನು ನಾನು ಹಾಕಿದೆ, ಹೆಣ್ಣುಮಕ್ಕಳು ಹಾಕಬಾರದೆಂದು ಪರಸಪ್ಪ ಅಂದರೂ ಕೇಳಲಿಲ್ಲ.

ರೇವವ್ವ


ಮುದ್ದೇಬಿಹಾಳ
ತಾ. 6-4-1975

ಅಕ್ಕ,

ಪತ್ರ ಮುಟ್ಟಿತು. ನನ್ನ ಪಾಲಿನ ಮಣ್ಣು ನೀನು ಹಾಕಿದ್ದಕ್ಕೆ ನಿನಗೆ ಕೈ ಮುಗಿಯುತ್ತೇನೆ. ಈಗ ನಿನ್ನ ಹೆಸರು ದಾಟಲು ಬರುತ್ತದೆ.

ಹೋದ ಭಾನುವಾರ ನಮ್ಮಲ್ಲಿ ದೊಡ್ಡ ಹಬ್ಬ, ಸತ್ತವನು ಎದ್ದು ಬಂದ ದಿನ. ಎಲ್ಲರೂ ಹಾಡಿದರು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಬಾಯಿ ತೆರೆಯಲಾಗಲಿಲ್ಲ. ಎದ್ದು ಹೊರಗೆ ಹೋಗೋಣವೆಂದರೆ ಕಾಲೂ ಬರಲಿಲ್ಲ. ಹಾಗೇ ಕುಳಿತಿದ್ದೆ, ಮುಂದಿನ ಭಾನುವಾರವೂ ಹಾಗೇ ಕುಳಿತಿರುತ್ತೇನೆ.

ಬೇರೆ ಯಾವುದಕ್ಕೂ ಅಲ್ಲ, ಅಕ್ಕ. ಅವ್ವ ಅಲ್ಲಿ ಮುಷ್ಟಿ ಬಿಗಿಹಿಡಿದು ನನ್ನನ್ನು ಹುಡುಕುತ್ತಿರುತ್ತಾಳೆ. ಸಿಕ್ಕ ಸಿಕ್ಕವರ ಹಣೆ ನೋಡುತ್ತಿರುತ್ತಾಳೆ, ಅವಳಿಗೆ ಕಣ್ಣು ಬೇರೆ ಸರಿ ಕಾಣದು. ನಾನು ಅಲ್ಲಿಲ್ಲ. ಮುದ್ದೇಬಿಹಾಳದಲ್ಲಿದ್ದೇನೆ, ದನಗಳಿಗೆ ಔಷಧ ಹಾಕುತ್ತಿದ್ದೇನೆ.

ಚಂದಪ್ಪ